ಬುಲೆಟ್ಟಿನ ಎಡಮಗ್ಗುಲಿನ ಸದ್ದು

ಹಳೆಯ ಬುಲೆಟ್ ಬೈಕ್ ಇಟ್ಟುಕೊಂಡವರಿಗೆ ಅದರ ಸದ್ದುಗಳೆಲ್ಲ ಮನೆಮಂದಿಯ ದನಿಯಷ್ಟೇ ಪರಿಚಿತ. ವಾಲ್ವ್ ಎತ್ತುವ ಟ್ಯಾಪೆಟ್ಟು ಟಿಕ್ ಟಿಕ್ ಅನ್ನುವುದು, ಚೈನು ಸರಸರ ಅನ್ನುವುದು, ಬೆಳಗ್ಗೆ ತಣ್ಣಗಿದ್ದಾಗ ಪಿಸ್ಟನ್ನು ಸ್ವಲ್ಪ ಹೊತ್ತು ಕಟಕಟ ಅಂದು ಬಿಸಿಯಾದ ಮೇಲೆ ಸುಮ್ಮನಾಗುವುದು, ಇವುಗಳಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದಕ್ಕೇ ಇವುಗಳ ನಡುವೆ ಹೊಸದೊಂದು ದನಿ ಸೇರಿದರೆ ಆ ದಿನವೇ ಗೊತ್ತಾಗಿಬಿಡುತ್ತದೆ. ಹೋದ ಬೇಸಿಗೆ ಬೆಳೆಯ ಭತ್ತದ ಕೊಯ್ಲು ನಡೆದಿದ್ದಾಗ ನನ್ನ ಗಾಡಿಗೆ ಅಂಥದ್ದೊಂದು ಸದ್ದು ಹತ್ತಿಕೊಂಡಿತು. ಟಿಕ್ ಅಲ್ಲ, ಕಟ್ ಅಲ್ಲ. ಒಳಗಿನಿಂದ ಯಾರೋ ಮುಷ್ಟಿಯಿಂದ ಗುದ್ದಿದಂಥ ದಪ್ಪನೆಯ ಢಕ್, ಢಕ್.

ಗಾಡಿ 1989ರ ಮಾದರಿಯ 350 ಸ್ಟ್ಯಾಂಡರ್ಡ್. ಪಿಸ್ಟನ್ ಓಡಾಡುವ ಬ್ಯಾರೆಲ್ಲು ಬೀಡು ಕಬ್ಬಿಣದ್ದು, 346 ಸಿಸಿ, ಬೋರು ಅಂದರೆ ಅದರ ಒಳವ್ಯಾಸ 70 ಮಿಲಿಮೀಟರ್, ಸ್ಟ್ರೋಕು ಅಂದರೆ ಪಿಸ್ಟನ್ ಏರಿಳಿಯುವ ದೂರ 90. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಮೆಷಿನ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಸುಗ್ಗಿ ಬಂತೆಂದರೆ ಶ್ರೀರಾಮನಗರ, ಸಿದ್ದಾಪುರ, ಕಾರಟಗಿ ಅಂತ ಭತ್ತದ ರಾಶಿ ನೋಡಲು ಓಡಾಟ ಇದ್ದೇ ಇರುತ್ತದೆ. ಆ ರಸ್ತೆಯಲ್ಲಿ ಲಾರಿ, ಟ್ರ್ಯಾಕ್ಟರ್, ಕೊಯ್ಲಿನ ಮೆಷಿನ್ನುಗಳ ನಡುವೆ ಕಿವಿಗೊಟ್ಟು ಕೇಳುವುದು ಕಷ್ಟ. ಆದರೂ ಕಾಲುವೆ ದಾಟುವಲ್ಲಿ ಎಕ್ಸಲೇಟರ್ ಬಿಟ್ಟ ಕೂಡಲೇ ಆ ಗುದ್ದು ಪಾದದ ಅಡಿಗೇ ಬಂದು ತಾಗುತ್ತಿತ್ತು.

ಹಾದಿಯಲ್ಲಿದ್ದ ಒಂದು ಗ್ಯಾರೇಜಿಗೆ ಹೋದೆ. ಅಲ್ಲಿಯವರು ಎರಡು ಸಲ ರೇಸ್ ಕೊಟ್ಟರು, ತಲೆ ಅಲ್ಲಾಡಿಸಿದರು. "ಕನೆಕ್ಟಿಂಗ್ ರಾಡ್ ಹೋಗೈತ್ರಿ. ಎಂಜಿನ್ ಇಳಿಸ್ಬೇಕು, ಕ್ರ್ಯಾಂಕ್ ಬಿಚ್ಚಬೇಕು. ಬಿಚ್ಚಿದ ಮ್ಯಾಲೆ ಬೋರ್ ಸೈತ ಹೊಡಿಸ್ಬಿಡ್ರಿ, ಒಂದೇ ಖರ್ಚಿಗೆ ಮುಗೀತದ." ಹೇಳಿದ ಮೊತ್ತ ನನ್ನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚಿತ್ತು. ಆದರೆ ನನ್ನನ್ನು ತಡೆದದ್ದು ದುಡ್ಡಿಗಿಂತ ಹೆಚ್ಚಾಗಿ ಕ್ರ್ಯಾಂಕ್ ಬಿಚ್ಚುವ ಮಾತು. ಪಿಸ್ಟನ್ನಿನ ಏರಿಳಿತವನ್ನು ಕನೆಕ್ಟಿಂಗ್ ರಾಡಿನ ಮೂಲಕ ತಿರುಗಾಟವಾಗಿಸುವುದು ಕ್ರ್ಯಾಂಕು. ಬುಲೆಟ್ಟಿನಲ್ಲಿ ಅದು ಎರಡು ಭಾರದ ಫ್ಲೈವೀಲುಗಳ ನಡುವೆ ಪಿನ್ ಕೂಡಿಸಿ ಕಟ್ಟಿದ್ದು. ಅದನ್ನು ಬಿಡಿಸಿ ಮತ್ತೆ ಕೂಡಿಸುವಾಗ ಎರಡೂ ಕಡೆಯ ಶಾಫ್ಟು ಒಂದೇ ಗೆರೆಯಲ್ಲಿ ನಿಲ್ಲಬೇಕು. ಕೂದಲೆಳೆಯಷ್ಟು ಓರೆಯಾದರೂ ಗಾಡಿ ಜೀವಮಾನವೆಲ್ಲ ನಡುಗುತ್ತದೆ. ಆ ಕೆಲಸ ಬಲ್ಲ ಕೈಗಳು ಈಗ ಊರೂರಿಗೂ ಇಲ್ಲ. ಕೆಟ್ಟಿದ್ದರೆ ಬಿಚ್ಚಲೇಬೇಕು, ಬೇರೆ ದಾರಿಯಿಲ್ಲ. ಆದರೆ ಕೆಟ್ಟಿದೆ ಎಂದು ಖಾತ್ರಿಯಾಗದೆ, ಮೂವತ್ತೈದು ವರ್ಷ ಚೆನ್ನಾಗಿ ತಿರುಗಿದ ಕ್ರ್ಯಾಂಕಿಗೆ ಸುತ್ತಿಗೆ ಹಚ್ಚಲು ನನ್ನ ಮನಸ್ಸು ಒಪ್ಪಲಿಲ್ಲ. "ನೋಡಿ ಹೇಳ್ತೀನ್ರಿ" ಅಂದು ಗಾಡಿ ಮನೆಗೆ ತಂದೆ.

ಮಿಲ್ಲಿನಲ್ಲಿ ನಮ್ಮ ದಿನ ಶುರುವಾಗುವುದೇ ಕಿವಿಯಿಂದ. ಎಲಿವೇಟರಿನ ಬೇರಿಂಗು, ಪಾಲಿಷರಿನ ಶಾಫ್ಟು, ಬ್ಲೋವರು, ಇವುಗಳಲ್ಲಿ ಯಾವುದು ಹೋಗಲಿದೆ ಅನ್ನುವುದು ಹೋಗುವ ಮೊದಲೇ ಸದ್ದಿನಲ್ಲಿ ಗೊತ್ತಾಗುತ್ತದೆ. ಹತ್ತು ಮೆಷಿನ್ ಒಟ್ಟಿಗೆ ಓಡುತ್ತಿರುವಾಗ ಬರಿಗಿವಿಗೆ ಏನೂ ತಿಳಿಯುವುದಿಲ್ಲ. ಕಬ್ಬಿಣದ ಸರಳಿನ ಒಂದು ತುದಿಯನ್ನು ಬೇರಿಂಗಿನ ಮನೆಯ ಮೇಲೆ ಊರಿ, ಇನ್ನೊಂದು ತುದಿಯ ಮೇಲೆ ಹೆಬ್ಬೆರಳಿಟ್ಟು ಕಿವಿಯ ಹಿಂದಿನ ಎಲುಬಿಗೆ ಒತ್ತಿದರೆ ಆ ಬೇರಿಂಗಿನ ದನಿಯೊಂದೇ ಕೇಳುತ್ತದೆ. ಈ ಪಾಠವನ್ನೇ ಗಾಡಿಗೂ ಹಚ್ಚಬೇಕೆಂದುಕೊಂಡೆ. ಆದರೆ ಎಲ್ಲಿ ಎಂದು ಕೇಳುವ ಮೊದಲು ಯಾವಾಗ ಎಂದು ಕೇಳಬೇಕು. ಹೆಚ್ಚಿನವರು ಹಾರಿಸಿಬಿಡುವುದು ಇದನ್ನೇ.

ಹಾಗಾಗಿ ಮೊದಲ ಕೆಲವು ದಿನ ಪಾನಾ ಮುಟ್ಟಲಿಲ್ಲ. ಬೆಳಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಕೇಳುವುದು, ಮಧ್ಯಾಹ್ನ ಕಾರಟಗಿಯಿಂದ ಬಿಸಿಬಿಸಿಯಾಗಿ ಬಂದು ನಿಂತಾಗ ಕೇಳುವುದು. ನಮ್ಮ ಕಡೆ ಏಪ್ರಿಲ್, ಮೇ ಅಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ, ಎಂಜಿನ್ ಆಯಿಲ್ ನೀರಿನ ಹಾಗೆ ತೆಳ್ಳಗಾಗುತ್ತದೆ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಪಿಸ್ಟನ್ ಸವೆದು ಬೋರಿನಲ್ಲಿ ಅಲ್ಲಾಡುತ್ತಿದ್ದರೆ ಸದ್ದು ತಣ್ಣಗಿದ್ದಾಗ ಜೋರು, ಬಿಸಿಯಾದಂತೆ ಪಿಸ್ಟನ್ ಹಿಗ್ಗಿ ಕಡಿಮೆಯಾಗುತ್ತದೆ. ಕನೆಕ್ಟಿಂಗ್ ರಾಡಿನ ಕೆಳತುದಿ ಸವೆದಿದ್ದರೆ ಇದರ ತಿರುವುಮುರುವು. ತಣ್ಣಗಿದ್ದಾಗ ದಪ್ಪ ಆಯಿಲ್ಲು ಸಂದನ್ನು ತುಂಬಿ ಮುಚ್ಚಿಡುತ್ತದೆ, ಬಿಸಿಯಾಗಿ ಆಯಿಲ್ ತೆಳುವಾದ ಮೇಲೆ ಗುದ್ದು ಹೆಚ್ಚುತ್ತದೆ. ನನ್ನ ಗಾಡಿಯ ಸದ್ದು ಇವೆರಡೂ ಮಾಡಲಿಲ್ಲ. ಬೆಳಗ್ಗೆ ಎಷ್ಟೋ ಮಧ್ಯಾಹ್ನವೂ ಅಷ್ಟೇ. ರಾಡ್ ಹೋಗಿದೆ ಅನ್ನುವ ಮಾತಿನ ಮೇಲೆ ನನಗೆ ಅನುಮಾನ ಬಂದದ್ದು ಇಲ್ಲಿ.

ಇನ್ನೊಂದು ಸಂಗತಿ ಕಂಡಿತು. ಒಂದೇ ವೇಗದಲ್ಲಿ, 50ರ ಆಸುಪಾಸಿನಲ್ಲಿ ಹೋಗುತ್ತಿದ್ದರೆ ಸದ್ದೇ ಇಲ್ಲ. ನಿಂತಲ್ಲಿ ಸ್ಲೋ ಬಿಟ್ಟಾಗ ಇತ್ತು, ಎಕ್ಸಲೇಟರ್ ತಟ್ಟನೆ ಕೊಟ್ಟಾಗ ಇತ್ತು, ತಟ್ಟನೆ ಬಿಟ್ಟಾಗ ಎಲ್ಲಕ್ಕಿಂತ ಜೋರು. ವೇಗ ಏರುವಾಗಲೂ ಇಳಿಯುವಾಗಲೂ ಏನೋ ಒಂದು ಭಾರದ ವಸ್ತು ಹಿಂದೆ ಬಿದ್ದು, ಆಮೇಲೆ ಬಂದು ಗುದ್ದುತ್ತಿದೆ ಎಂದಾಯಿತು. ಬುಲೆಟ್ಟಿನ ಸ್ಲೋ ನಿಜಕ್ಕೂ ನಿಧಾನ, ಹೀಗಾಗಿ ತಾಳ ಹಿಡಿಯಲು ಬರುತ್ತದೆ. ಸೈಲೆನ್ಸರಿನ ಒಂದು ಡುಗ್‌ಗೂ ಮುಂದಿನ ಡುಗ್‌ಗೂ ನಡುವೆ ಕ್ರ್ಯಾಂಕು ಎರಡು ಸುತ್ತು ಹಾಕುತ್ತದೆ, ವಾಲ್ವ್ ತೆರೆಸುವ ಕ್ಯಾಮು ಒಂದೇ ಸುತ್ತು. ನನ್ನ ಢಕ್ ಆ ನಡುವಿನಲ್ಲಿ ಎರಡು ಸಲ ಕೇಳುತ್ತಿತ್ತು, ಎರಡನೆಯದು ಮೊದಲಿನದಕ್ಕಿಂತ ಮೆಲ್ಲಗೆ. ಅಂದರೆ ಅದು ಕ್ಯಾಮಿನ ಕಡೆಯದ್ದಲ್ಲ, ಕ್ರ್ಯಾಂಕಿನ ಕಡೆಯದ್ದು. ಸಿಡಿತದ ಹೊಡೆತಕ್ಕೆ ಕ್ರ್ಯಾಂಕು ಮುಂದಕ್ಕೆ ಜಿಗಿದಾಗ ಒಮ್ಮೆ, ಕಂಪ್ರೆಷನ್ನಿಗೆ ಎದುರಾಗಿ ಅದು ತಡವರಿಸಿದಾಗ ಇನ್ನೊಮ್ಮೆ.

ಆಮೇಲೆ ಸುಲಭವಾದವುಗಳನ್ನು ಒಂದೊಂದಾಗಿ ಬದಿಗಿಡುವ ಕೆಲಸ. ಟ್ಯಾಪೆಟ್ಟಿಗೆ ಬ್ಯಾರೆಲ್ಲಿನ ಬಲಗಡೆ ಒಂದೇ ನಟ್ಟಿನ ಮುಚ್ಚಳ ಇದೆ. ಎಂಜಿನ್ ಪೂರಾ ತಣ್ಣಗಿರುವಾಗ, ಪಿಸ್ಟನ್ ಕಂಪ್ರೆಷನ್ನಿನ ಮೇಲ್ತುದಿಗೆ ಬಂದಾಗ, ಟ್ಯಾಪೆಟ್ಟಿನ ಮೇಲೆ ನಿಂತ ಪುಶ್ ರಾಡನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಬೇಕು. ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಆಡಬಾರದು. ಎರಡೂ ಸರಿಯಾಗಿದ್ದವು. ಎಂಜಿನ್ ಕೂಡಿಸಿದ ಬೋಲ್ಟುಗಳಲ್ಲಿ ಹಿಂದಿನ ಒಂದು ತುಸು ಬಿಗಿಯಾಯಿತು, ಸದ್ದಿಗೆ ಏನೂ ಆಗಲಿಲ್ಲ. ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಪ್ರೈಮರಿ ಚೈನಿನ ಪುಟ್ಟ ಕಿಂಡಿ ತೆಗೆದು ಬೆರಳು ಹಾಕಿ ನೋಡಿದೆ, ಸಡಿಲು ಕಾಲಿಂಚಿನಷ್ಟು, ಅದು ಇರಬೇಕಾದದ್ದೇ. ಕ್ಲಚ್ ಹಿಡಿದರೂ ಬಿಟ್ಟರೂ ಸದ್ದು ಬದಲಾಗಲಿಲ್ಲ.

ಟೈಮಿಂಗ್ ಮೇಲೆ ಒಂದು ಅನುಮಾನವಿತ್ತು. ಸ್ಪಾರ್ಕು ಬೇಗ ಬಿದ್ದರೂ ಎಂಜಿನ್ ಕುಟ್ಟುತ್ತದೆ. ಆದರೆ ಆ ಕುಟ್ಟು ಬೇರೆ. ಮೇಲಿನ ಗೇರಿನಲ್ಲಿ ಏರು ಹತ್ತಿಸುವಾಗ, ಹೆಡ್ಡಿನಿಂದ, ಗಾಜಿನ ಗೋಲಿ ಉದುರಿದಂತೆ ಕೇಳಿಸುವಂಥದ್ದು. ಆನೆಗೊಂದಿ ಕಡೆಯ ಗುಡ್ಡದ ರಸ್ತೆಯಲ್ಲಿ ಬೇಕೆಂದೇ ಟಾಪ್ ಗೇರಿನಲ್ಲಿ ಏರಿಸಿ ನೋಡಿದೆ, ಅಲ್ಲಿ ಸದ್ದು ಹೆಚ್ಚುವುದಿರಲಿ, ಕಡಿಮೆಯೇ ಆಯಿತು. ಆದರೂ ತೆರೆದಾಗ ಸ್ಪಾರ್ಕ್ ಬೀಳಿಸುವ ಪಾಯಿಂಟ್ ನೋಡದೆ ಬಿಡಬಾರದೆಂದು ಪ್ಲಗ್ ಬಿಚ್ಚಿ ಹಳೆಯ ಸೈಕಲ್ ಕಡ್ಡಿ ಇಳಿಬಿಟ್ಟು ಪಿಸ್ಟನ್ನಿನ ಮೇಲ್ತುದಿ ಹಿಡಿದೆ. ಪಾಯಿಂಟಿನ ನಡುವೆ ಸಿಗರೇಟ್ ಪ್ಯಾಕಿನ ತೆಳು ಕಾಗದ ಸಿಕ್ಕಿಸಿ, ಅದು ಯಾವಾಗ ಸಡಿಲಾಗಿ ಜಾರುತ್ತದೆ ಎಂದು ನೋಡಿದೆ. ಪಿಸ್ಟನ್ ಮೇಲ್ತುದಿ ಮುಟ್ಟಲು ಒಂದು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ಇರುವಾಗ ಜಾರಿತು. ಅಲ್ಲಿಗೆ ಟೈಮಿಂಗೂ ಸರಿ.

ಆಯಿಲ್ ಇಳಿಸಿ ನೋಡುವುದು ಉಳಿದಿತ್ತು, ಇದರ ಬಗ್ಗೆ ಸ್ವಲ್ಪ ಬಿಡಿಸಿಯೇ ಹೇಳಬೇಕು. ಎಲ್ಲರೂ ಆಯಿಲ್ಲಿನಲ್ಲಿ ಅಯಸ್ಕಾಂತ ಆಡಿಸಿ, ಕಬ್ಬಿಣದ ಚೂರು ಹತ್ತಿದರೆ ಎಂಜಿನ್ ಹೋಗಿದೆ, ಹತ್ತದಿದ್ದರೆ ಇಲ್ಲ ಎನ್ನುತ್ತಾರೆ. ಈ ಹಳೆಯ ಬುಲೆಟ್ಟಿಗೆ ಆ ಲೆಕ್ಕ ನಡೆಯುವುದಿಲ್ಲ. ಇದರ ರಾಡಿನ ಕೆಳತುದಿಯಲ್ಲಿ ಇರುವುದು ರೋಲರ್ ಬೇರಿಂಗಲ್ಲ, ತೇಲುವ ಬುಷ್ಷು. ಅದರ ಒಳಗೂ ಹೊರಗೂ ವೈಟ್ ಮೆಟಲ್ ಎಂಬ ಮೆತ್ತನೆಯ ಮಿಶ್ರಲೋಹದ ಪದರ ಹಚ್ಚಿರುತ್ತಾರೆ. ಪಿನ್ನಿನ ಮೇಲೂ ರಾಡಿನೊಳಗೂ ಆಯಿಲ್ಲಿನಲ್ಲಿ ತೇಲುತ್ತ ಅದು ತಿರುಗುತ್ತದೆ. ವೈಟ್ ಮೆಟಲ್ಲು ಅಯಸ್ಕಾಂತಕ್ಕೆ ಹತ್ತುವುದಿಲ್ಲ. ಆ ಪದರ ಪೂರಾ ಸವೆದು ಹೋಗುತ್ತಿದ್ದರೂ ಅಯಸ್ಕಾಂತ ಚೊಕ್ಕಟವಾಗೇ ಬರುತ್ತದೆ. ಅದಕ್ಕೆ ನಾನು ಮಾಡಿದ್ದು ಬೇರೆ. ಬಿಸಿ ಆಯಿಲ್ಲನ್ನು ಬಿಳಿ ಪಂಚೆಯ ತುಂಡಿನಲ್ಲಿ ಸೋಸಿ, ಆ ಬಟ್ಟೆಯನ್ನು ಪೆಟ್ರೋಲಿನಲ್ಲಿ ಅದ್ದಿ ತೆಗೆದು ಬಿಸಿಲಿಗೆ ಹಿಡಿದೆ. ಬೆಳ್ಳಿಯ ಹಾಗೆ ಮಿರುಗುವ ಚೂರುಗಳಿದ್ದರೆ ಅಲ್ಲಿ ಕಾಣಲೇಬೇಕು. ಕರಿ ಮಸಿ, ಒಂದೆರಡು ಗ್ಯಾಸ್ಕೆಟ್ಟಿನ ನಾರು, ಅಷ್ಟೇ. ಆಯಿಲ್ ಫಿಲ್ಟರನ್ನು ಕತ್ತರಿಸಿ ಮಡಿಕೆ ಮಡಿಕೆ ಬಿಡಿಸಿ ನೋಡಿದೆ, ಅಲ್ಲಿಯೂ ಇಲ್ಲ. ಹೊಸ ಆಯಿಲ್ ಹಾಕಿ ಸ್ಟಾರ್ಟ್ ಮಾಡಿ, ರಾಕರಿಗೆ ಹೋಗುವ ಪೈಪಿನ ಬೋಲ್ಟ್ ತುಸು ಸಡಿಲಿಸಿದಾಗ ಆಯಿಲ್ ಜಿನುಗಿ ಬಂತು, ಪಂಪೂ ನಡೆಯುತ್ತಿತ್ತು.

ಇಷ್ಟೆಲ್ಲ ಆದ ಮೇಲೆ ಉದ್ದನೆಯ ಸ್ಕ್ರೂ ಡ್ರೈವರ್ ಕೈಗೆ ತೆಗೆದುಕೊಂಡೆ. ಸಂಜೆ, ಓಣಿ ಸ್ವಲ್ಪ ಶಾಂತವಾದ ಮೇಲೆ, ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ ಸ್ಲೋ ಬಿಟ್ಟೆ. ಮೊದಲು ರಾಕರ್ ಬಾಕ್ಸು, ಟಿಕ್ ಟಿಕ್, ಅದು ಅದರದ್ದೇ ದನಿ. ಬ್ಯಾರೆಲ್ಲಿನ ಮೇಲ್ಭಾಗ, ನಡುಭಾಗ, ಏನಿಲ್ಲ. ಬಲಗಡೆ ಟೈಮಿಂಗ್ ಕವರು, ಗೇರುಗಳ ಝುಂಯ್ ಮಾತ್ರ, ಢಕ್ ಇದ್ದರೂ ದೂರದಿಂದ ಬಂದ ಹಾಗಿತ್ತು. ಕ್ರ್ಯಾಂಕ್ ಕೇಸಿನ ನಡುವೆ, ಬ್ಯಾರೆಲ್ಲಿನ ಬುಡದಲ್ಲಿ ಊರಿದಾಗ ಸ್ವಲ್ಪ ಹತ್ತಿರ ಬಂತು. ರಾಡ್ ಹೋಗಿದ್ದರೆ ಇಲ್ಲೇ ಎಲ್ಲಕ್ಕಿಂತ ಜೋರಾಗಿ ಕೇಳಬೇಕಿತ್ತು. ಎಡಗಡೆಗೆ ಬಂದು ಪ್ರೈಮರಿ ಕವರಿನ ಮುಂಭಾಗದಲ್ಲಿ, ಕ್ರ್ಯಾಂಕಿನ ತುದಿ ಬರುವ ಕಡೆ ಊರಿದೆ. ಕಿವಿಯ ಎಲುಬಿಗೇ ಸುತ್ತಿಗೆಯಿಂದ ಬಡಿದ ಹಾಗಾಯಿತು. ಅದೇ ಕವರಿನ ಹಿಂಭಾಗದಲ್ಲಿ, ಕ್ಲಚ್ಚಿನ ಎದುರು, ಅರ್ಧಕ್ಕೆ ಇಳಿಯಿತು. ಮತ್ತೆ ಮುಂದಕ್ಕೆ ತಂದರೆ ಮತ್ತೆ ಅದೇ ಹೊಡೆತ. ಜಾಗ ಸಿಕ್ಕಿತು.

ಆಗ ಆಂಪಿಯರ್ ಮೀಟರಿನ ನೆನಪಾಯಿತು. ಈ ಗಾಡಿಯ ಹೆಡ್‌ಲೈಟಿನ ಮೇಲೆ ಪುಟ್ಟ ಮುಳ್ಳಿನ ಮೀಟರು ಇದೆ, ಬ್ಯಾಟರಿ ಚಾರ್ಜ್ ಆಗುತ್ತಿದೆಯೋ ಇಳಿಯುತ್ತಿದೆಯೋ ತೋರಿಸುತ್ತದೆ. ಸದ್ದು ಶುರುವಾದ ಕಾಲದಿಂದ ಲೈಟ್ ಹಾಕಿದಾಗ ಅದು ಮೊದಲಿನಂತೆ ಸ್ಥಿರವಾಗಿರದೆ ಒದ್ದಾಡುತ್ತಿತ್ತು. ಕ್ರ್ಯಾಂಕಿನ ಎಡತುದಿಯಲ್ಲಿ, ಪ್ರೈಮರಿ ಕವರಿನ ಒಳಗೆ ಕೂತಿರುವುದು ಕರೆಂಟ್ ಮಾಡುವ ರೋಟರು, ಗ್ಯಾರೇಜಿನವರ ಬಾಯಲ್ಲಿ ಮ್ಯಾಗ್ನೆಟ್ಟು. ಸದ್ದಿನ ಜಾಗವೂ ಮುಳ್ಳಿನ ಒದ್ದಾಟವೂ ಒಂದೇ ಕಡೆ ಬೆರಳು ತೋರಿಸಿದವು.

ಜುಲೈನಗರದ ಕಡೆ ವಯಸ್ಸಾದ ಒಬ್ಬ ಮೇಸ್ತ್ರಿ ಇದ್ದಾರೆ, ಎಲ್ಲರಿಗೂ ಚಾಚಾ. ಹೊಸ ಗಾಡಿಗಳನ್ನು ಅವರು ಮುಟ್ಟುವುದಿಲ್ಲ. ಯೆಜ್ಡಿ, ರಾಜದೂತ್, ಹಳೆಯ ಬುಲೆಟ್ ಇಷ್ಟೇ. ಪ್ರೈಮರಿ ಕವರ್ ನಾನೂ ತೆಗೆಯಬಹುದಿತ್ತು, ಆದರೆ ಒಳಗಿನ ಕೆಲಸಕ್ಕೆ ಅವರ ಕೈ ಬೇಕೆಂದು ಅಲ್ಲಿಗೇ ಒಯ್ದೆ. ನಾನು ಬಾಯಿ ಬಿಡುವ ಮೊದಲೇ ಅವರು ಕೈ ಎತ್ತಿ ಸುಮ್ಮನಿರಿಸಿದರು. ಸ್ಲೋದಲ್ಲಿ ಬಿಟ್ಟು, ಬೀಡಿ ಆರಿಸಿ, ಗಾಡಿಯ ಸುತ್ತ ಒಂದು ಸುತ್ತು ಬಂದು ಎಡಗಡೆ ಕುಕ್ಕರಗಾಲಲ್ಲಿ ಕೂತರು.

"ರಾಡ್ ಅಂದ್ರೇನು ಯಾರಾದ್ರೂ?"

"ಹೌದು ಚಾಚಾ. ಎಂಜಿನ್ ಇಳಸ್ಬೇಕಂತ ಹೇಳಿದ್ರು."

"ಎಂಜಿನ್ ಇಳಸೋದು ಯಾವಾಗರ ಇಳಸ್ಬೌದು ತಮ್ಮಾ. ರಾಡ್ ಸೌಂಡು ಹೊಟ್ಟ್ಯಾಗ ಬರ್ತೈತಿ. ಇದು ಪಕ್ಕದಾಗ ಬರಾಕತ್ತೈತಿ. ಕವರ್ ತಗಿ ಮೊದ್ಲು."

ಎಡಗಡೆಯ ಫುಟ್ ರೆಸ್ಟು, ಬ್ರೇಕ್ ಪೆಡಲ್ಲು ಬಿಚ್ಚಿ, ಕೆಳಗೆ ತಗಡಿನ ಬುಟ್ಟಿ ಇಟ್ಟು, ನಡುವಿನ ಒಂದೇ ಒಂದು ದಪ್ಪ ನಟ್ಟು ತೆಗೆದರೆ ಇಡೀ ಕವರು ಕೈಗೆ ಬರುತ್ತದೆ. ಇಷ್ಟು ದೊಡ್ಡ ಕವರಿಗೆ ಒಂದೇ ನಟ್ಟು ಇಟ್ಟವರ ಬುದ್ಧಿಯನ್ನು ನಾನು ಯಾವತ್ತೂ ಮೆಚ್ಚುತ್ತೇನೆ, ರಸ್ತೆ ಬದಿಯಲ್ಲೂ ತೆಗೆದು ನೋಡಬಹುದು. ಆಯಿಲ್ ಸುರಿದು ಮುಗಿಯುವವರೆಗೂ ಚಾಚಾ ಕಾದರು. ಆಮೇಲೆ ಎಡಗೈ ಬೆರಳುಗಳನ್ನು ಮ್ಯಾಗ್ನೆಟ್ಟಿನ ಅಂಚಿಗೆ ಸಿಕ್ಕಿಸಿ ಮೆಲ್ಲಗೆ ತಿರುಗಿಸಿದರು. ಕ್ರ್ಯಾಂಕು ಅಲ್ಲಾಡಲಿಲ್ಲ, ಮ್ಯಾಗ್ನೆಟ್ಟು ಅಲ್ಲಾಡಿತು. ಢಕ್. ಹಿಂದಕ್ಕೆ ತಿರುಗಿಸಿದರು. ಢಕ್. ಅಷ್ಟು ದಿನ ಕೇಳಿದ ಅದೇ ಸದ್ದು, ಎಂಜಿನ್ ಬಂದಾಗಿರುವಾಗ, ಅವರ ಎರಡು ಬೆರಳಿನಿಂದ ಬರುತ್ತಿತ್ತು.

ನಟ್ಟು ಕೈಯಿಂದಲೇ ತಿರುಗುವಷ್ಟು ಸಡಿಲಾಗಿತ್ತು. ಅದರ ಹಿಂದೆ ಇರಬೇಕಾದ ಲಾಕ್ ವಾಷರ್ ಇರಲೇ ಇಲ್ಲ. ನಾನು ಈ ಗಾಡಿ ಕೊಳ್ಳುವ ಮೊದಲು ಯಾವಾಗಲೋ, ಯಾರೋ, ಪ್ರೈಮರಿ ಚೈನ್ ಬದಲಿಸಿರಬೇಕು. ಆ ಚೈನ್ ತೆಗೆಯಲು ಮ್ಯಾಗ್ನೆಟ್ ಬಿಚ್ಚಲೇಬೇಕು. ತಿರುಗಿ ಕೂಡಿಸುವಾಗ ವಾಷರ್ ಹಾಕದೆ ಬಿಟ್ಟಿದ್ದಾರೆ. ಅಂಥ ಕೆಲಸ ಮಾಡಿದವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಒಂದು ವಾಷರಿಗೆ ಒಂದು ಚಹಾದ ಬೆಲೆಯೂ ಇಲ್ಲ, ಅದಿಲ್ಲದ್ದಕ್ಕೆ ಇನ್ನೊಂದು ಗ್ಯಾರೇಜು ಎಂಜಿನ್ನನ್ನೇ ಇಳಿಸಲು ಹೊರಟಿತ್ತು. ಮ್ಯಾಗ್ನೆಟ್ಟನ್ನು ಹೊರಗೆ ತೆಗೆದು ಬಿಸಿಲಿಗೆ ಹಿಡಿದೆವು. ಮೈಮೇಲೆ ಒಂದು ಕಡೆ ಮಾತ್ರ ಹೊಳೆಯುವ ಗೀರುಗಳು, ಸುತ್ತ ಕೂತ ಕಾಯಿಲ್ಲಿಗೆ ತಾಗಿದ ಗುರುತು. ಅದನ್ನು ಶಾಫ್ಟಿನಲ್ಲಿ ತಿರುಗದಂತೆ ಹಿಡಿಯುವ ಅರ್ಧಚಂದ್ರದ ಕೀ ಎರಡೂ ಅಂಚಿನಲ್ಲಿ ಸವೆದು ಮೆಟ್ಟಿಲಿನ ಹಾಗಾಗಿತ್ತು. ಆ ಸವೆತದಷ್ಟೇ ಸಂದಿನಲ್ಲಿ ಮ್ಯಾಗ್ನೆಟ್ಟು ಹಿಂದೆ ಮುಂದೆ ಗುದ್ದಾಡುತ್ತಿತ್ತು.

ರಾಡಿನ ಸದ್ದಿಗೆ ಇದು ಅಷ್ಟು ಹತ್ತಿರವಾದದ್ದು ಏಕೆಂದು ನೋಡಿದರೆ ಕಾರಣ ಸರಳ. ಎರಡೂ ಒಂದೇ ಶಾಫ್ಟಿನ ಮೇಲಿನ ಸಡಿಲು. ಎರಡೂ ವೇಗ ಬದಲಾದಾಗ ಗುದ್ದುತ್ತವೆ. ಮ್ಯಾಗ್ನೆಟ್ಟೇ ಸಡಿಲಾದರೆ ಗಾಡಿ ಮಿಸ್ ಹೊಡೆಯಬೇಕಲ್ಲ ಎಂದು ಕೆಲವರು ಕೇಳಬಹುದು. ಈ ಬುಲೆಟ್ಟಿನಲ್ಲಿ ಹಾಗಾಗುವುದಿಲ್ಲ. ಸ್ಪಾರ್ಕಿನ ಪಾಯಿಂಟು ಇರುವುದು ಬಲಗಡೆಯ ಟೈಮಿಂಗ್ ಗೇರುಗಳ ಕೈಯಲ್ಲಿ, ಮ್ಯಾಗ್ನೆಟ್ಟಿನ ಕೆಲಸ ಬ್ಯಾಟರಿ ತುಂಬುವುದಷ್ಟೇ. ಹೀಗಾಗಿ ಎಂಜಿನ್ ಎಳೆತದಲ್ಲಿ ಏನೂ ಕೊರತೆ ಇಲ್ಲದೆ ಸದ್ದು ಮಾತ್ರ ಬರುತ್ತಿತ್ತು. ಇದನ್ನೂ ಸುಳಿವಾಗಿ ಹಿಡಿಯಬಹುದು. ರಾಡು ಆ ಮಟ್ಟಕ್ಕೆ ಗುದ್ದುತ್ತಿದ್ದರೆ ಗಾಡಿ ಹ್ಯಾಂಡಲ್ಲಿಗೂ ಫುಟ್ ರೆಸ್ಟಿಗೂ ನಡುಕ ಕೊಡದೆ ಇರುವುದು ಅಪರೂಪ.

ಕವರ್ ತೆಗೆದಿರುವಾಗಲೇ ರಾಡಿನ ಅನುಮಾನವನ್ನೂ ಪೂರ್ತಿ ತೀರಿಸಿಕೊಳ್ಳೋಣ ಎಂದೆ. ಚಾಚಾ ಒಪ್ಪಿದರು. ಪ್ಲಗ್ ಬಿಚ್ಚಿ ಪಿಸ್ಟನ್ನಿನ ಮೇಲೆ ಸೈಕಲ್ ಕಡ್ಡಿ ನಿಲ್ಲಿಸಿ ನಾನು ಬೆರಳಿನ ತುದಿ ಅದರ ಮೇಲೆ ಇಟ್ಟೆ. ಪಿಸ್ಟನ್ ನಡುಹಾದಿಯಲ್ಲಿತ್ತು. ಅವರು ಎಂಜಿನ್ ಸ್ಪ್ರಾಕೆಟ್ಟನ್ನು ಹಿಡಿದು ಬಹಳ ಸಣ್ಣಗೆ ಹಿಂದೆ ಮುಂದೆ ಆಡಿಸಿದರು. ಕೆಳತುದಿಯ ಬುಷ್ಷಾಗಲಿ ಮೇಲಿನ ಪಿನ್ನಾಗಲಿ ಸವೆದಿದ್ದರೆ ಶಾಫ್ಟು ಸ್ವಲ್ಪ ತಿರುಗಿದ ಮೇಲೆಯೇ ಕಡ್ಡಿ ಚಲಿಸಬೇಕು, ನಡುವೆ ಒಂದು ಖಾಲಿ ಜಾಗ ಬೆರಳಿಗೆ ಸಿಗಬೇಕು. ಸಿಗಲಿಲ್ಲ. ಅವರ ಕೈ ಅಲುಗಿದೊಡನೆ ನನ್ನ ಬೆರಳು ಅಲುಗುತ್ತಿತ್ತು. "ಸಾಕಾತೇನು?" ಅಂದರು. ಇನ್ನೊಂದು ಸಲ ಆಡಿಸಿರಿ ಚಾಚಾ ಎಂದು ಕೇಳಿಕೊಂಡೆ. ಮತ್ತೆ ಆಡಿಸಿದರು, ಬೇಸರವಿಲ್ಲದೆ.

ರಿಪೇರಿಯಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಶಾಫ್ಟಿನಲ್ಲಿ ಕೀ ಕೂರುವ ತೋಡು ಸವೆದಿರಲಿಲ್ಲ, ಮ್ಯಾಗ್ನೆಟ್ಟಿನ ಒಳತೋಡಿನ ಒಂದಂಚು ತುಸು ಮಡಚಿತ್ತು. ಲೇಥ್ ಅಂಗಡಿಯವರು ಅದನ್ನು ಚೊಕ್ಕ ಮಾಡಿ, ಅಳತೆಗೆ ಸರಿಯಾಗಿ ಹೊಸ ಕೀ ಉಜ್ಜಿಕೊಟ್ಟರು. ಕೀ ಕೈಯಿಂದ ಒತ್ತಿದರೆ ಕೂರಬಾರದು, ತಾಮ್ರದ ತುಂಡಿಟ್ಟು ಮೆಲ್ಲಗೆ ತಟ್ಟಿದರೆ ಕೂರಬೇಕು ಎಂದು ಚಾಚಾ ಲೇಥಿನ ಹುಡುಗನಿಗೆ ಎರಡು ಸಲ ಹೇಳಿ ಕಳಿಸಿದ್ದರು, ಹಾಗೆಯೇ ಬಂತು. ಕಾಯಿಲ್ ಕೂಡಿಸಿದ ಮೇಲೆ ಮ್ಯಾಗ್ನೆಟ್ಟಿನ ಸುತ್ತ ವಿಸಿಟಿಂಗ್ ಕಾರ್ಡಿನ ಪಟ್ಟಿ ಸರಿದಾಡಿಸಿ ಸಂದು ಎಲ್ಲ ಕಡೆ ಒಂದೇ ಸಮ ಇದೆಯೇ ನೋಡಿದೆವು. ಒಂದು ಕಡೆ ಬಿಗಿಯಾಯಿತು, ಕಾಯಿಲ್ಲಿನ ನಟ್ಟು ಸಡಿಲಿಸಿ ಸರಿಸಿ ಮತ್ತೆ ಬಿಗಿದೆವು. ಹೊಸ ಲಾಕ್ ವಾಷರ್ ಹಾಕಿ, ನಟ್ಟು ಬಿಗಿದು, ವಾಷರಿನ ಕಿವಿಯನ್ನು ನಟ್ಟಿನ ಮಗ್ಗುಲಿಗೆ ಮಡಚುವ ಕೆಲಸ ನನಗೇ ಬಿಟ್ಟರು. ಕವರಿನ ರಬ್ಬರ್ ರಿಂಗು ಹಳೆಯದಾಗಿ ಚಪ್ಪಟೆಯಾಗಿತ್ತು, ಅದನ್ನೂ ಬದಲಿಸಿ, ಪ್ರೈಮರಿಗೆ ಹೊಸ ಆಯಿಲ್ ಹಾಕಿದೆವು. ಎಲ್ಲ ಸೇರಿ ಆದ ಖರ್ಚು ಮೊದಲ ಗ್ಯಾರೇಜು ಹೇಳಿದ ಮೊತ್ತದ ಹತ್ತನೇ ಒಂದು ಭಾಗವೂ ಇರಲಿಲ್ಲ.

ಕಿಕ್ ಹೊಡೆದಾಗ ಟ್ಯಾಪೆಟ್ಟಿನ ಟಿಕ್ ಟಿಕ್ಕು ಮೊದಲಿಗಿಂತ ಜೋರಾಗಿ ಕೇಳಿದಂತಾಯಿತು. ಅದು ಹೆಚ್ಚಾದದ್ದಲ್ಲ, ಅದನ್ನು ಮುಚ್ಚಿದ್ದ ಗುದ್ದು ಹೋಗಿತ್ತು. ಎಕ್ಸಲೇಟರ್ ಕೊಟ್ಟು ತಟ್ಟನೆ ಬಿಟ್ಟೆ. ಕೊಟ್ಟೆ, ಬಿಟ್ಟೆ. ಸ್ಕ್ರೂ ಡ್ರೈವರನ್ನು ಅದೇ ಜಾಗಕ್ಕೆ ಊರಿ ಕೇಳಿದೆ, ಚೈನಿನ ಸರಸರ ಬಿಟ್ಟರೆ ಏನಿಲ್ಲ. ಲೈಟ್ ಹಾಕಿದೆ, ಆಂಪಿಯರ್ ಮೀಟರಿನ ಮುಳ್ಳು ನಡುವಿಗೆ ಬಂದು ನಿಂತಿತು.

ಕೆಲವು ವಾರ ಕಾರಟಗಿ, ಸಿಂಧನೂರು ಓಡಾಡಿದ ಮೇಲೆ ಇನ್ನೊಮ್ಮೆ ಕವರ್ ತೆಗೆದೆವು. ಹೊಸದಾಗಿ ಬಿಗಿದ ನಟ್ಟನ್ನು ಒಮ್ಮೆ ಕಣ್ಣಾರೆ ನೋಡಬೇಕು ಅನ್ನುವುದು ಚಾಚಾ ಅವರ ಕಟ್ಟುನಿಟ್ಟು. ನಟ್ಟು ಕದಲಿರಲಿಲ್ಲ, ಮ್ಯಾಗ್ನೆಟ್ಟಿನ ಮೇಲೆ ಹೊಸ ಗೀರು ಇರಲಿಲ್ಲ. ಬೆಳಗ್ಗೆ ತಣ್ಣಗಿದ್ದಾಗ ಪಿಸ್ಟನ್ನಿನ ಕಟಕಟ ಈಗಲೂ ಇದೆ, ಗಾಡಿ ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ನಿಲ್ಲುತ್ತದೆ. ಹೊಗೆ ಇಲ್ಲ, ಆಯಿಲ್ ತಿನ್ನುತ್ತಿಲ್ಲ. ಬೋರಿನ ಕೆಲಸ ಸದ್ಯಕ್ಕೆ ಬೇಡ ಎಂದು ಇಬ್ಬರೂ ಮಾತಾಡಿಕೊಂಡು ಕವರ್ ಮುಚ್ಚಿದೆವು.